ಫ್ಯಾಂಟಸಿ ಸಾಹಸಕಥೆಗಳಲ್ಲಿ ನೀವು ಯಾರ ಹಾಗೆ ಆಗಬೇಕು ಅಂದುಕೊಳ್ಳುತ್ತೀರಿ? ಯಾವ ಒಂದು ಕೆಲಸಕ್ಕಾಗಿ?

ಪುಟಗುರುತು:

ಎಲ್ಲರಿಗೂ ನಮಸ್ಕಾರ. ‘ನಿಮ್ಮ ಮೆಚ್ಚಿನ ಫ್ಯಾಂಟಸಿ ಹೀರೋ ಯಾರು?’ ಎಂದು ಕೇಳಿದರೆ ಹತ್ತು ಹೆಸರು ಬಂದು ಬೀಳುತ್ತವೆ, ಮಾತು ಅಲ್ಲಿಗೇ ಮುಗಿಯುತ್ತದೆ. ಮೆಚ್ಚುವುದು ಬೇರೆ, ಅವರ ಹಾಗೆ ಆಗಬೇಕು ಅನ್ನಿಸುವುದು ಬೇರೆ. ಡ್ರ್ಯಾಗನ್ ಸವಾರಿ, ಹುಟ್ಟಿನಿಂದ ಬಂದ ಮಂತ್ರಶಕ್ತಿ ಇವನ್ನೆಲ್ಲ ಕಂಡು ಬೆರಗಾಗಬಹುದು, ಕಲಿಯಲಿಕ್ಕಂತೂ ಆಗುವುದಿಲ್ಲ.

ಆದ್ದರಿಂದ ಪ್ರಶ್ನೆಯನ್ನು ಸ್ವಲ್ಪ ಬಿಗಿ ಮಾಡುತ್ತೇನೆ. ಒಬ್ಬ ನಾಯಕ ಅಥವಾ ನಾಯಕಿ. ಅವರು ಮಾಡಿದ ಒಂದೇ ಒಂದು ಕೆಲಸ. ಮಾಟಮಂತ್ರ ಇಲ್ಲದ ಬದುಕಿಗೆ ಅದನ್ನು ಹೇಗೆ ತಂದುಕೊಳ್ಳುವುದು, ನಕಲು ಮಾಡಲು ಹೋದವರು ಎಲ್ಲಿ ಎಡವುತ್ತಾರೆ, ಯಾಕೆ. ಇಷ್ಟನ್ನು ಬಿಡಿಸಿ ಬರೆಯಿರಿ. ಕಥೆಯ ಕೊನೆ ಹೇಳದೆ ವಿಧಿಯಿಲ್ಲ ಅಂದರೆ ಹೇಳಿಬಿಡಿ, ಇಲ್ಲಿ ಬರುವ ಪುಸ್ತಕಗಳೆಲ್ಲ ಹಳೆಯವೇ.

ಬೆಟ್ಟದದಾರಿ:

ಸ್ಯಾಮ್ ಗ್ಯಾಮ್ಜಿ. ಎರಡನೇ ಮಾತೇ ಇಲ್ಲ.

‘ದಿ ಲಾರ್ಡ್ ಆಫ್ ದ ರಿಂಗ್ಸ್’ (1954–55) ಮೊದಲ ಸಲ ಓದಿದವರು ಅರಗಾರ್ನ್‌ಗೆ ಮರುಳಾಗುವುದು ಸಹಜ. ಆದರೆ ಅವನಿಗೆ ಆಗಲೇ 87 ವರ್ಷ, ದೀರ್ಘಾಯುಷಿಗಳ ವಂಶ, ಮೈಯಲ್ಲಿ ರಾಜರಕ್ತ. ಸ್ಯಾಮ್ ತೋಟದ ಮಾಲಿ, ಕೇಡಿನ ಉಂಗುರವನ್ನು ನಾಶ ಮಾಡಲು ಹೊರಟ ಒಡೆಯ ಫ್ರೋಡೋನ ಜೊತೆಗಾರ. ಅವನು ಮಾಡುವ ಒಂದೊಂದು ಕೆಲಸವೂ ಯಾರ ಕೈಗಾದರೂ ಎಟುಕುವಂಥದ್ದು.

ಅವನ ಬೆನ್ನುಚೀಲವನ್ನೇ ನೋಡಿ. ಒಂದರೊಳಗೊಂದು ಕೂರುವ ಎರಡು ಚಪ್ಪಟೆ ಪಾತ್ರೆ. ಅವುಗಳ ಒಳಗೆ ಒಂದು ಮರದ ಚಮಚ, ಎರಡು ಹಲ್ಲಿನ ಗಿಡ್ಡ ಫೋರ್ಕು, ಮಾಂಸ ಸುಡುವ ಕೆಲವು ಕಡ್ಡಿ. ತಳದಲ್ಲಿ ಚಪ್ಪಟೆಯಾದ ಮರದ ಡಬ್ಬಿ, ಅದರಲ್ಲಿ ದಿನೇ ದಿನೇ ಕರಗುತ್ತಿರುವ ಉಪ್ಪು. ಲೋಕದ ಹಣೆಬರಹ ತೀರ್ಮಾನಿಸುವ ಪ್ರಯಾಣಕ್ಕೆ ಉಪ್ಪು ಕಟ್ಟಿಕೊಂಡು ಹೊರಟವನು ಅವನೊಬ್ಬನೇ. ಹಸಿವು, ಚಳಿ, ದಣಿವು ಬಂದೇ ಬರುತ್ತವೆ ಎಂದು ಮೊದಲೇ ಒಪ್ಪಿಕೊಂಡವನ ಚೀಲ ಅದು.

ಈಗ ಹಗ್ಗದ ವಿಷಯ. ರಿವೆಂಡೆಲ್ ಬಿಡುವ ಹೊತ್ತಿಗೆ ಸ್ಯಾಮ್ ಸಾಮಾನುಗಳನ್ನು ಒಂದೊಂದಾಗಿ ನೆನೆಸಿಕೊಳ್ಳುತ್ತಾನೆ. ಹಗ್ಗ ಇಲ್ಲ! ಹಿಂದಿನ ರಾತ್ರಿಯಷ್ಟೇ ‘ಹಗ್ಗ ಬೇಕಾದೀತು’ ಎಂದು ತನಗೆ ತಾನೇ ಹೇಳಿಕೊಂಡಿದ್ದ, ಬೆಳಗಾಗುವಷ್ಟರಲ್ಲಿ ಮರೆತಿದ್ದ. ಮುಂದೆ ಎಲ್ಫ್‌ಗಳ ಕಾಡಾದ ಲೋತ್‌ಲೋರಿಯೆನ್‌ನಲ್ಲಿ ದೋಣಿಗಳ ಜೊತೆ ಹಗ್ಗ ಕಂಡ ಕೂಡಲೇ ಒಂದು ಸುರುಳಿಯನ್ನು ತನ್ನದಾಗಿಸಿಕೊಳ್ಳುತ್ತಾನೆ. ಮುಂದೆ ಎಮಿನ್ ಮುಯಿಲ್‌ನ ಬಂಡೆಯಂಚಿನಲ್ಲಿ ಅದೇ ಹಗ್ಗ ಸ್ಯಾಮ್, ಫ್ರೋಡೋ ಇಬ್ಬರನ್ನೂ ಕೆಳಗಿಳಿಸುತ್ತದೆ. ಕೈಯಲ್ಲಿ ಅಳೆದು ನೋಡಿದರೆ ಹತ್ತಿರ ಹತ್ತಿರ 30 ಎಲ್. ಒಂದು ಎಲ್ ಅಂದರೆ ಎರಡೂವರೆ ಮೊಳ.

ಇದರಿಂದ ತೆಗೆದುಕೊಳ್ಳಬೇಕಾದ್ದು ತುಂಬ ಸರಳ. ‘ಬೇಕಾದೀತು’ ಎಂದು ಮನಸ್ಸಿಗೆ ಬಂದ ಗಳಿಗೆಯಲ್ಲೇ ಆ ವಸ್ತುವನ್ನು ಚೀಲದ ಹತ್ತಿರ ತಂದಿಡಿ. ಆಗದಿದ್ದರೆ ಬರೆದಿಡಿ. ರಾತ್ರಿಯ ನೆನಪನ್ನು ಬೆಳಗಿನ ಗಡಿಬಿಡಿ ನುಂಗಿಹಾಕುತ್ತದೆ, ಸ್ಯಾಮ್‌ನನ್ನೂ ಬಿಡಲಿಲ್ಲ. ಎರಡನೆಯದು, ತಪ್ಪಿಹೋದದ್ದನ್ನು ಮರೆಯದೆ ಇಟ್ಟುಕೊಳ್ಳುವುದು. ಹಗ್ಗ ಬಿಟ್ಟು ಬಂದೆ ಎಂದು ಗೊಣಗಿ ಸುಮ್ಮನಾಗಿದ್ದರೆ, ಲೋತ್‌ಲೋರಿಯೆನ್‌ನಲ್ಲಿ ಕಣ್ಣೆದುರಿಗಿದ್ದ ಹಗ್ಗ ಅವನಿಗೆ ಕಾಣುತ್ತಲೇ ಇರಲಿಲ್ಲ.

ಮೂರನೆಯದೇ ಕಷ್ಟದ್ದು, ಬಿಸಾಡುವುದು. ಶತ್ರುವಿನ ನಾಡಾದ ಮಾರ್ಡರ್‌ನಲ್ಲಿ ಹೆಜ್ಜೆಹೆಜ್ಜೆಗೂ ಭಾರ ಹೆಚ್ಚಾದಾಗ, ಅಷ್ಟು ದೂರ ಹೊತ್ತು ತಂದ ಪಾತ್ರೆಗಳನ್ನು ಅವನೇ ಬಿರುಕಿಗೆ ಎಸೆಯುತ್ತಾನೆ. ಅವು ಕತ್ತಲಲ್ಲಿ ಉರುಳುವ ಸದ್ದು ಅವನ ಎದೆಗೆ ನಾಟುತ್ತದೆ. ಉಳಿಸಿಕೊಂಡದ್ದು ಮಿಕ್ಕ ರೊಟ್ಟಿ, ನೀರಿನ ಬಾಟಲಿ, ಕತ್ತಿ, ಲೋತ್‌ಲೋರಿಯೆನ್‌ನ ಒಡತಿ ಗಲಾಡ್ರಿಯೆಲ್ ಕೊಟ್ಟ ಬೆಳಕಿನ ಸೀಸೆ ಮತ್ತು ಪುಟ್ಟ ಪೆಟ್ಟಿಗೆ. ಕಟ್ಟಿಕೊಳ್ಳಲು ಬಲ್ಲವರು ಬಹಳ ಜನ ಇದ್ದಾರೆ. ಯಾವಾಗ ಇಳಿಸಬೇಕು ಎಂದು ಬಲ್ಲವರು ಕಡಿಮೆ.

ಎಡವುವ ಜಾಗಗಳೂ ಪುಸ್ತಕದಲ್ಲೇ ಇವೆ. ಮೊಲದ ಅಡುಗೆ ಮಾಡಿದ ಮೇಲೆ ಒಲೆ ಆರಿಸಲು ಮರೆಯುತ್ತಾನೆ, ಹೊಗೆ ಮೇಲೇಳುತ್ತದೆ, ಫಾರಮಿರ್ ಎಂಬ ದಂಡನಾಯಕನ ಕಡೆಯವರಿಗೆ ಸಿಕ್ಕಿಬೀಳುತ್ತಾರೆ. ಆರೈಕೆಯ ಸಡಗರದಲ್ಲಿ ಎಚ್ಚರ ತಪ್ಪಿತು. ಇನ್ನೊಂದು ಇದಕ್ಕಿಂತ ದೊಡ್ಡದು. ಕಿರಿತ್ ಉಂಗೋಲ್‌ನ ಮೆಟ್ಟಿಲ ಮೇಲೆ, ಮಲಗಿದ್ದ ಫ್ರೋಡೋನ ಮೊಣಕಾಲನ್ನು, ಹಿಂದೆ ಆ ಉಂಗುರ ಇಟ್ಟುಕೊಂಡಿದ್ದ, ಈಗ ದಾರಿ ತೋರಿಸುತ್ತಿದ್ದ ಗೊಲ್ಲಮ್ ಮೆಲ್ಲಗೆ ಮುಟ್ಟುತ್ತಾನೆ. ಅವನ ಮನಸ್ಸು ತಿರುಗಬಹುದಾಗಿದ್ದ ಗಳಿಗೆ ಅದೊಂದೇ. ಆಗಲೇ ಎಚ್ಚರಗೊಂಡ ಸ್ಯಾಮ್ ಒರಟಾಗಿ ಗದರುತ್ತಾನೆ, ಬಾಗಿಲು ಮುಚ್ಚಿಹೋಗುತ್ತದೆ. ಒಬ್ಬರನ್ನು ಕಾಪಾಡುವ ಭರದಲ್ಲಿ ಹತ್ತಿರ ಬಂದವರನ್ನೆಲ್ಲ ಕಳ್ಳರಂತೆ ಕಾಣುವುದು, ಇದು ಸ್ಯಾಮ್‌ನಂತೆ ಆಗಬೇಕೆನ್ನುವವರಿಗೆ ಅಂಟುವ ಮೊದಲ ದೋಷ.

ಇರುಳುದೀಪ:

ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ (1968) ಕಾದಂಬರಿಯ ಗೆಡ್. ಅವನನ್ನು ಮೆಚ್ಚಲು ಮಾಂತ್ರಿಕ ಎಂಬ ಕಾರಣ ಬೇಕಾಗಿಯೇ ಇಲ್ಲ. ತಪ್ಪು ಮಾಡಿದ, ಓಡಿದ, ಆಮೇಲೆ ತಿರುಗಿ ನಿಂತ. ನನಗೆ ಬೇಕಾದ್ದು ಆ ತಿರುಗುವ ಹೆಜ್ಜೆ.

ಗೊತ್ತಿಲ್ಲದವರಿಗಾಗಿ: ರೋಕ್ ದ್ವೀಪದ ಮಾಂತ್ರಿಕ ಶಾಲೆಯಲ್ಲಿ ಜಾಸ್ಪರ್ ಎಂಬ ಸಹಪಾಠಿಯ ಕೊಂಕಿಗೆ ಕೆರಳಿದ ಗೆಡ್, ಸತ್ತವಳ ಆತ್ಮವನ್ನು ಕರೆದು ತೋರಿಸುತ್ತೇನೆ ಎಂದು ಪಣ ತೊಡುತ್ತಾನೆ. ಕತ್ತಲಿನ ಬಿರುಕಿನಿಂದ ಹೆಸರಿಲ್ಲದ ಒಂದು ನೆರಳು ಹೊರಗೆ ನುಗ್ಗುತ್ತದೆ. ಆ ಬಿರುಕು ಮುಚ್ಚಲು ಹೋಗಿ ಶಾಲೆಯ ಹಿರಿಯ ನೆಮ್ಮರ್ಲ್ ಪ್ರಾಣ ಬಿಡುತ್ತಾನೆ. ಅಲ್ಲಿಂದ ಮುಂದೆ ಗೆಡ್ ಊರೂರು ಓಡುತ್ತಾನೆ. ಓಡಿದಷ್ಟೂ ನೆರಳಿಗೆ ಬಲ ಬರುತ್ತದೆ. ಕೊನೆಗೆ ಗಿಡುಗನಾಗಿ ಹಾರಿ ಗುರು ಒಗಿಯೋನ್‌ನ ಕೈ ಮೇಲೆ ಬಂದು ಕೂರುತ್ತಾನೆ. ಆ ರೂಪದಲ್ಲಿ ಎಷ್ಟು ಹೊತ್ತು ಇದ್ದನೆಂದರೆ ಮನುಷ್ಯನ ಮಾತು ಮರಳುವುದಕ್ಕೂ ಸಮಯ ಬೇಕಾಗುತ್ತದೆ. ಗುರು ಕೊಡುವುದು ಆಯುಧವನ್ನಲ್ಲ, ದಿಕ್ಕನ್ನು: ತಿರುಗಿ ನಿಲ್ಲು, ಬೆನ್ನಟ್ಟುವುದನ್ನು ನೀನೇ ಬೆನ್ನಟ್ಟು. ಬೇಟೆಗಾರ ತಾನಾದ ಮೇಲೆ ಗೆಡ್‌ನ ಭಯ ಪೂರ್ತಿ ಹೋಗುವುದಿಲ್ಲ, ಆದರೆ ದಾರಿ ಆರಿಸುವವನು ಅವನಾಗುತ್ತಾನೆ.

ಅಭ್ಯಾಸಕ್ಕೆ ತರುವ ಬಗೆ ಹೀಗೆ. ತಪ್ಪಿಸಿಕೊಂಡು ತಿರುಗುತ್ತಿರುವ ವಿಷಯವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಆ ವಾಕ್ಯದ ಕರ್ತೃ ‘ನಾನು’ ಆಗಿರಬೇಕು. ‘ಲೆಕ್ಕ ತಪ್ಪಾಗಿದೆ’ ಅಂದರೆ ಹೆಸರಿಟ್ಟಂತಾಗಲಿಲ್ಲ, ‘ಲೆಕ್ಕವನ್ನು ನಾನು ಸರಿನೋಡದೆ ಕಳಿಸಿದೆ’ ಅಂದರೆ ಆಯಿತು. ಕಥೆಯಲ್ಲೂ ಹಾಗೆಯೇ. ಆ ನೆರಳಿಗೆ ಹೆಸರೇ ಇಲ್ಲ ಎಂದು ಎಷ್ಟೋ ಜನ ಹೇಳಿದ್ದರು. ಕೊನೆಯಲ್ಲಿ ಗೆಡ್ ಅದನ್ನು ಕರೆಯುವುದು ತನ್ನದೇ ಹೆಸರಿನಿಂದ. ಬರೆದ ಮೇಲೆ ಆ ವಿಷಯದ ಕಡೆಗೆ ಇಡಬಹುದಾದ ತೀರ ಸಣ್ಣ ಹೆಜ್ಜೆ ಒಂದನ್ನು ಅವತ್ತೇ ಇಡಿ. ಒಂದು ಫೋನ್, ಒಂದು ಪತ್ರ, ಅಷ್ಟು ಸಾಕು.

ಮುಗ್ಗರಿಸುವುದು ಎಲ್ಲಿ? ಒಬ್ಬನೇ ಎದುರಿಸಬೇಕು ಎಂಬ ಹಟದಲ್ಲಿ. ಗೆಡ್ ಕೂಡ ಹಾಗೆಂದೇ ಹೊರಟಿದ್ದ. ವೆಚ್ ಎಂಬ ಗೆಳೆಯ ದೋಣಿ ಹತ್ತಿ ಕೂರದೇ ಹೋಗಿದ್ದರೆ ಆ ಕೊನೆಯ ಸಮುದ್ರಯಾನ ಏನಾಗುತ್ತಿತ್ತೋ. ಗಮನಿಸಿ, ವೆಚ್ ನೆರಳಿನ ಜೊತೆ ಹೋರಾಡುವುದಿಲ್ಲ. ಜೊತೆಗೆ ಬರುತ್ತಾನೆ, ನೋಡುತ್ತಾನೆ, ಗೆಡ್‌ನನ್ನು ವಾಪಸ್ ಕರೆತರುತ್ತಾನೆ. ಇಂಥ ಕೆಲಸಕ್ಕೆ ಜೊತೆಗಾರರನ್ನು ಆರಿಸುವಾಗ ನಮ್ಮ ಬದಲು ಹೋರಾಡುವವರು ಬೇಡ, ನೋಡಿಯೂ ಬಿಟ್ಟು ಹೋಗದವರು ಬೇಕು.

ಮಸಿಕುಡಿಕೆ:

ಬೆಟ್ಟದದಾರಿ ಅವರ ಚೀಲದ ಮಾತಿನಿಂದಲೇ ಶುರುಮಾಡುತ್ತೇನೆ. ‘ಹ್ಯಾರಿ ಪಾಟರ್’ ಸರಣಿಯ ಹರ್ಮಯೋನಿ ಗ್ರೇಂಜರ್‌ಳ ಮಣಿಚೀಲ ಅದಕ್ಕೆ ಒಳ್ಳೆಯ ಜೋಡಿ. ಸರಣಿಯ ಕೊನೆಯ ಪುಸ್ತಕದಲ್ಲಿ (2007) ಮದುವೆಮನೆಯ ಮೇಲೆ ದಾಳಿಯಾಗಿ ಹ್ಯಾರಿ, ರಾನ್, ಅವಳು ಮೂವರೂ ಓಡಬೇಕಾದಾಗ, ಅವಳ ಪುಟ್ಟ ಚೀಲ ದಿನಗಳ ಹಿಂದೆಯೇ ಸಿದ್ಧವಾಗಿತ್ತು. ಒಳಗೆ ಬಟ್ಟೆ, ಪುಸ್ತಕಗಳು, ಡೇರೆ, ಗಾಯಕ್ಕೆ ಹಾಕುವ ಔಷಧ. ರಾನ್‌ನ ತೋಳು ಸೀಳಿದಾಗ ಆ ಔಷಧ ಕೈಗೆ ಸಿಕ್ಕಿದ್ದು ಅದೃಷ್ಟದಿಂದಲ್ಲ.

ಆದರೆ ಅದರಲ್ಲಿ ಊಟ ಇರಲಿಲ್ಲ. ಶೂನ್ಯದಿಂದ ಅನ್ನ ಸೃಷ್ಟಿಸಲು ಮಂತ್ರಕ್ಕೂ ಆಗದು ಎಂಬುದು ಆ ಲೋಕದ ನಿಯಮ, ಅದನ್ನು ಹೇಳುವವಳೂ ಅವಳೇ. ಮೂವರ ಜಗಳಗಳಲ್ಲಿ ಅರ್ಧ ಹಸಿದ ಹೊಟ್ಟೆಯವು. ಪುಸ್ತಕದಲ್ಲಿ ಓದಿದ್ದಕ್ಕೆ ತಯಾರಾಗುವುದು, ದಿನವೂ ಬೇಕಾಗುವುದನ್ನು ಬಿಡುವುದು, ಓದಾಳಿಗಳ ತಪ್ಪು ಇದೇ. ಪಟ್ಟಿ ಮಾಡುವಾಗ ಮೊದಲು ಒಂದು ಮಾಮೂಲಿ ದಿನವನ್ನು ಬೆಳಗಿನಿಂದ ರಾತ್ರಿವರೆಗೆ ಮನಸ್ಸಿನಲ್ಲಿ ನಡೆಸಿ ನೋಡಿ. ಅಪಾಯದ ದಿನದ ಲೆಕ್ಕ ಆಮೇಲೆ.

ಅವಳಲ್ಲಿ ನನಗೆ ಹೆಚ್ಚು ಮೆಚ್ಚುಗೆ ಮೂರನೇ ವರ್ಷದ ನಿರ್ಧಾರಕ್ಕೆ. ಸಮಯವನ್ನೇ ಹಿಂದಕ್ಕೆ ತಿರುಗಿಸುವ ಉಪಕರಣ ಹಿಡಿದು ಎಲ್ಲ ವಿಷಯಗಳನ್ನೂ ತೆಗೆದುಕೊಂಡಳು, ನಿದ್ದೆಗೆಟ್ಟು ಸಿಡುಕಿದಳು. ಭವಿಷ್ಯವಾಣಿಯ ತರಗತಿಯಿಂದ ನಡುವೆಯೇ ಎದ್ದು ಬಂದಳು. ವರ್ಷದ ಕೊನೆಗೆ, ಪರೀಕ್ಷೆಯಲ್ಲಿ ಶೇ 320 ಅಂಕ ಬಂದಿದ್ದ ಇನ್ನೊಂದು ವಿಷಯವನ್ನೂ ಬಿಟ್ಟು ಉಪಕರಣ ವಾಪಸ್ ಕೊಟ್ಟಳು. ಸೋತದ್ದನ್ನು ಬಿಡುವುದು ಸುಲಭ. ಗೆಲ್ಲುತ್ತಿದ್ದುದನ್ನು ಬಿಟ್ಟಳಲ್ಲ, ಅದು ಅನುಕರಣೆಗೆ ಯೋಗ್ಯ.

ಇನ್ನೊಬ್ಬಳು ಟಿಫನಿ ಏಕಿಂಗ್, ಟೆರ್ರಿ ಪ್ರ್ಯಾಚೆಟ್ ಅವರ ‘ದಿ ವೀ ಫ್ರೀ ಮೆನ್’ (2003) ಕಥೆಯ ಒಂಬತ್ತು ವರ್ಷದ ಹುಡುಗಿ. ಹೊಳೆಯಲ್ಲಿ ರಾಕ್ಷಸಿಯನ್ನು ಕಂಡು ಮನೆಗೆ ಬಂದು ಪುಸ್ತಕ ತೆರೆಯುತ್ತಾಳೆ. ‘ಸೂಪಿನ ತಟ್ಟೆಯಷ್ಟು ದೊಡ್ಡ ಕಣ್ಣು’ ಎಂದು ಬರೆದಿರುತ್ತದೆ. ಅಡುಗೆಮನೆಗೆ ಹೋಗಿ ತಟ್ಟೆಯನ್ನೇ ಅಳೆಯುತ್ತಾಳೆ: 8 ಇಂಚು. ಆಮೇಲೆ ಕಬ್ಬಿಣದ ಬಾಣಲೆ ಹಿಡಿದು ಹೊಳೆಗೆ ಹೊರಡುತ್ತಾಳೆ. ಈ ಸರಣಿಯನ್ನು ಕನ್ನಡದ ಮಕ್ಕಳು ಇನ್ನೂ ಹೆಚ್ಚು ಓದಬೇಕು ಅನ್ನಿಸುತ್ತದೆ. ಭಯದ ವರ್ಣನೆ ಕೇಳಿದಾಗ ‘ಅಂದರೆ ಎಷ್ಟು?’ ಎಂದು ಕೇಳಿ ಅಳೆಯುವುದು ಅವಳ ಅಭ್ಯಾಸ. ‘ಎಲ್ಲರೂ ಬೈಯುತ್ತಿದ್ದಾರೆ’ ಎಂಬ ಸುದ್ದಿ ಬಂದರೆ ಎಷ್ಟು ಜನ, ಯಾರು, ಯಾವ ಮಾತು? ಎಣಿಸಿದರೆ ಬಹಳ ಸಲ ಇಬ್ಬರೋ ಮೂವರೋ ಸಿಗುತ್ತಾರೆ.

ಅಂದಹಾಗೆ, ಹೊಳೆಗೆ ಹೋಗುವಾಗ ತಮ್ಮನನ್ನೇ ಎರೆಯಾಗಿ ಕೂರಿಸುತ್ತಾಳೆ. ಅಳತೆಯ ಬುದ್ಧಿ ಮನುಷ್ಯರನ್ನೂ ಸಾಮಾನಿನಂತೆ ಬಳಸಬಹುದು. ಲೇಖಕರು ಅದನ್ನು ಮುಚ್ಚಿಡುವುದಿಲ್ಲ.

ಪುಟಗುರುತು:

ಇಷ್ಟು ವಿವರವಾಗಿ ಬರೆದದ್ದಕ್ಕೆ ಮೂವರಿಗೂ ಧನ್ಯವಾದ. ಒಂದು ಉಪಪ್ರಶ್ನೆ. ನಾಯಕನ ಬಳಿ ಮಾಂತ್ರಿಕ ವಸ್ತು ಇದ್ದಾಗ, ಗೆಲುವು ಆ ವಸ್ತುವಿನದೋ ಅವನದೋ ಎಂದು ಬೇರ್ಪಡಿಸುವುದು ಹೇಗೆ? ಮಾಯದ ಉಂಗುರ ಇದ್ದರೆ ಯಾರು ಬೇಕಾದರೂ ‘ದಿ ಹಾಬಿಟ್’ ಕಥೆಯ ಬಿಲ್ಬೋ ಆಗಬಹುದಲ್ಲ ಎಂಬ ವಾದ ಇದೆ.

ಗೆರೆಪುಸ್ತಕ:

ಬೇರ್ಪಡಿಸಲು ಒಂದು ಸುಲಭದ ಉಪಾಯ ಇದೆ. ಒಂದು ದೃಶ್ಯ ಆರಿಸಿ, ನಾಲ್ಕೈದು ಪುಟ ಮೀರುವುದು ಬೇಡ. ಹಾಳೆಯ ಮೇಲೆ ನಾಯಕ ಮಾಡಿದ ಕ್ರಿಯಾಪದಗಳನ್ನು ಮಾತ್ರ ಸಾಲಾಗಿ ಬರೆಯಿರಿ. ವಿಶೇಷಣ ಬೇಡ, ಭಾವನೆ ಬೇಡ. ಮಂತ್ರ, ವಂಶ, ಅದೃಷ್ಟ ಇಲ್ಲದೆ ಆಗದ ಪದಗಳನ್ನು ಹೊಡೆದುಹಾಕಿ. ಉಳಿದದ್ದಷ್ಟೂ ಅವನದು.

ಬಿಲ್ಬೋನನ್ನೇ ತೆಗೆದುಕೊಳ್ಳೋಣ. ‘ದಿ ಹಾಬಿಟ್’ (1937), ಎಲ್ಫ್ ರಾಜನ ಸೆರೆಯಿಂದ 13 ಕುಬ್ಜರನ್ನು ಬಿಡಿಸುವ ದೃಶ್ಯ. ಅಡಗಿದ. ಸುತ್ತಾಡಿದ. ಕೇಳಿಸಿಕೊಂಡ. ಯಾರು ಯಾವ ಕೋಣೆಯಲ್ಲಿ ಎಂದು ಹುಡುಕಿದ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿಸಿದ. ಖಾಲಿ ಪೀಪಾಯಿಗಳು ನದಿಗೆ ಬೀಳುವ ಬಾಗಿಲನ್ನು ಪತ್ತೆ ಮಾಡಿದ. ಕಾವಲುಗಾರ ಕುಡಿದು ಮಲಗುವವರೆಗೆ ಕಾದ. ಬೀಗದ ಕೈ ತೆಗೆದ. ಬಾಗಿಲು ತೆರೆದ. ಪೀಪಾಯಿಯೊಳಗೆ ಕೂರಿಸಿ ಹುಲ್ಲು ತುರುಕಿದ, ಮುಚ್ಚಿದ. ಬೀಗದ ಕೈ ಹಿಂತಿರುಗಿಸಿದ.

ಉಂಗುರ ಕೊಟ್ಟದ್ದು ಅಡಗುವುದನ್ನು ಮಾತ್ರ, ಆ ಒಂದು ಪದವನ್ನು ಹೊಡೆಯಿರಿ. ಮಿಕ್ಕಿದ್ದೆಲ್ಲ ತಾಳ್ಮೆ ಮತ್ತು ಗಮನ. ಎಲ್ಲಕ್ಕಿಂತ ಕೊನೆಯ ಪದದ ಮೇಲೆ ಬೆರಳಿಡಿ. ಮಲಗಿದ್ದ ಕಾವಲುಗಾರನ ಸೊಂಟಕ್ಕೆ ಬೀಗದ ಕೈಗಳನ್ನು ಮತ್ತೆ ಸಿಕ್ಕಿಸಿ ಬರುತ್ತಾನೆ, ಪಾಪ, ಅವನಿಗೆ ಬರುವ ತೊಂದರೆ ಸ್ವಲ್ಪವಾದರೂ ಕಡಿಮೆಯಾಗಲಿ ಎಂದು. ಅವಸರದಲ್ಲಿ ಓಡುತ್ತಿರುವವನು, ಎದುರು ಪಕ್ಷದವನಿಗಾಗಿ ಅರ್ಧ ನಿಮಿಷ ಖರ್ಚು ಮಾಡುತ್ತಾನೆ. ಈ ಒಂದು ಕೆಲಸಕ್ಕಾಗಿ ಬಿಲ್ಬೋನಂತೆ ಆಗಬೇಕು ಎನ್ನುವವರ ಸಾಲಿನಲ್ಲಿ ನಾನಿದ್ದೇನೆ.

ಯೋಜನೆಯಲ್ಲಿ ತೂತು ಇತ್ತು. 13 ಜನರನ್ನು ತುಂಬಿಸಿ ಮುಚ್ಚಳ ಹಾಕಿದ ಮೇಲೆ ತನಗೆ ಮುಚ್ಚಳ ಹಾಕುವವರು ಯಾರೂ ಇಲ್ಲ ಎಂದು ಹೊಳೆಯುತ್ತದೆ. ಪೀಪಾಯಿಗೆ ಜೋತುಬಿದ್ದು ತಣ್ಣೀರಲ್ಲಿ ತೇಲಿ, ಮೂರು ದಿನ ನೆಗಡಿಯಲ್ಲಿ ನರಳುತ್ತಾನೆ. ಎಲ್ಲರಿಗೂ ವ್ಯವಸ್ಥೆ ಮಾಡುವವರು ಪಟ್ಟಿಯ ಮೊದಲ ಸಾಲಲ್ಲೇ ತಮ್ಮ ಹೆಸರು ಬರೆದುಕೊಂಡರೆ ಇದು ತಪ್ಪುತ್ತದೆ. ಕೊನೆಗೆ ಬರೆಯೋಣ ಅಂದುಕೊಂಡರೆ ಆ ಕೊನೆ ಬರುವುದೇ ಇಲ್ಲ.

ಕಥೆಯಬೇರು:

ಹೊರಗಿನ ಹೆಸರುಗಳೇ ಬರುತ್ತಿವೆ, ನಮ್ಮ ಗಾದೆಯಲ್ಲೇ ಕೂತಿರುವವನನ್ನು ಮರೆತಿದ್ದೇವೆ. ಛಲ ಬಿಡದ ತ್ರಿವಿಕ್ರಮ!

ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ (11ನೇ ಶತಮಾನ) ಅವನು ತ್ರಿವಿಕ್ರಮಸೇನ. ಒಬ್ಬ ಸನ್ಯಾಸಿಗೆ ಕೊಟ್ಟ ಮಾತಿನಂತೆ ಮರದಿಂದ ಹೆಣ ಇಳಿಸಿ ಹೆಗಲಿಗೇರಿಸಿದ ಕೂಡಲೇ ಅದರೊಳಗಿನ ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ, ಬಾಯಿ ತೆರೆದರೆ ಬೇತಾಳ ಮತ್ತೆ ಮರಕ್ಕೆ. ಜನ ಮೆಚ್ಚುವುದು ಛಲವನ್ನು. ಆದರೆ ಬರೀ ಛಲ ನೋಡಿದರೆ ಅರ್ಧ ಕಥೆ ಕೈತಪ್ಪುತ್ತದೆ. ಪ್ರತಿ ಸಲವೂ ಅವನು ಸತ್ಯವನ್ನೇ ಹೇಳುತ್ತಾನೆ, ಹೇಳಿದ್ದಕ್ಕೆ ದಂಡವಾಗಿ ಮತ್ತೆ ನಡೆಯುತ್ತಾನೆ, ಒಮ್ಮೆಯೂ ಬೇತಾಳವನ್ನು ಬೈಯುವುದಿಲ್ಲ. ಕೊನೆಯ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ, ಸುಮ್ಮನೆ ನಡೆಯುತ್ತಾನೆ. ಗೊತ್ತಿಲ್ಲದ್ದಕ್ಕೆ ಏನೋ ಒಂದು ಹೇಳಿ ಜಾಣನೆನಿಸಿಕೊಳ್ಳಲು ಹೋಗದ ಆ ಮೌನಕ್ಕೇ ಬೇತಾಳ ಒಲಿಯುತ್ತದೆ, ರಾಜನನ್ನೇ ಬಲಿ ಕೊಡುವ ಸನ್ಯಾಸಿಯ ಸಂಚನ್ನು ಬಿಚ್ಚಿಡುತ್ತದೆ.

ಸಾಷ್ಟಾಂಗ ನಮಸ್ಕಾರ ಮಾಡು ಎಂದು ಸನ್ಯಾಸಿ ಹೇಳಿದಾಗ ರಾಜ ಕೊಡುವ ಉತ್ತರವೂ ಕಲಿಯತಕ್ಕದ್ದು: ನನಗೆ ಗೊತ್ತಿಲ್ಲ, ಮೊದಲು ನೀವು ಮಾಡಿ ತೋರಿಸಿ. ಅನುಮಾನದ ಆಜ್ಞೆ ಬಂದಾಗ ಇದಕ್ಕಿಂತ ಒಳ್ಳೆಯ ಮಾತಿಲ್ಲ.

ಎಚ್ಚರ ಒಂದೇ. ಅದೇ ಸನ್ಯಾಸಿ ಹತ್ತು ವರ್ಷ ದಿನವೂ ಒಂದು ಹಣ್ಣು ಕೊಟ್ಟು ಹೋಗುತ್ತಿದ್ದ. ಕೋತಿಯೊಂದು ಕಚ್ಚಿ ರತ್ನ ಹೊರಬೀಳುವವರೆಗೆ ರಾಜ ಒಂದನ್ನೂ ಬಿಡಿಸಿ ನೋಡಿರಲಿಲ್ಲ. ಕೊಟ್ಟವನಿಗೆ ಏನು ಬೇಕು ಎಂದು ಕೇಳಲೂ ಇಲ್ಲ. ರತ್ನ ಕಂಡ ಮೇಲೆ ಋಣಕ್ಕೆ ಬಿದ್ದು ಸ್ಮಶಾನಕ್ಕೆ ಹೋಗುವ ಮಾತು ಕೊಟ್ಟ. ಛಲ ಶುರುವಾಗುವ ಮೊದಲೇ ಆಗಿದ್ದ ಅಜಾಗರೂಕತೆ ಅದು.

ನೀಲಿಪಟ:

ಒಂದು ಭಿನ್ನಾಭಿಪ್ರಾಯ. ‘ಅವರ ಹಾಗೆ ಆಗಬೇಕು’ ಎಂಬ ಆಸೆಯೇ ಅಪಾಯಕಾರಿ ಆಗಬಹುದು. ಮಿಖಾಯೆಲ್ ಎಂಡೆ ಅವರ ‘ದಿ ನೆವರ್ ಎಂಡಿಂಗ್ ಸ್ಟೋರಿ’ (1979) ಇದರ ಬಗ್ಗೆಯೇ ಇದೆ. ಪುಸ್ತಕದೊಳಗಿನ ಲೋಕಕ್ಕೆ ಹೋದ ಹುಡುಗ ಬಾಸ್ಟಿಯನ್‌ಗೆ ಸುಂದರನಾಗಬೇಕು, ಬಲಶಾಲಿಯಾಗಬೇಕು. ಒಂದೊಂದು ಆಸೆ ಈಡೇರಿದಾಗಲೂ ತನ್ನ ಲೋಕದ ಒಂದೊಂದು ನೆನಪು ಅಳಿಸಿಹೋಗುತ್ತದೆ. ತಾನು ದಪ್ಪಗಿದ್ದ ಹುಡುಗ ಎಂಬುದನ್ನೇ ಮರೆಯುತ್ತಾನೆ. ಒಬ್ಬ ನಾಯಕನನ್ನು ಇಡಿಯಾಗಿ ತೊಟ್ಟುಕೊಳ್ಳಲು ಹೋದರೆ ಆಗುವುದು ಅದೇ. ಆದ್ದರಿಂದ ಇಲ್ಲಿ ‘ಒಂದೇ ಒಂದು ಕೆಲಸ’ ಎಂದು ಕೇಳಿದ್ದು ನನಗೆ ಸಮಾಧಾನ ತಂದಿತು.

ಫ್ರೋಡೋನನ್ನು ಮೆಚ್ಚುವವರಿಗೂ ಇದೇ ಮಾತು. ಅವನು ಕೊನೆಯ ಅಂಚಿನಲ್ಲಿ ಉಂಗುರ ಬಿಸಾಡುವುದಿಲ್ಲ, ತನ್ನದೆಂದು ಬೆರಳಿಗೆ ಹಾಕಿಕೊಳ್ಳುತ್ತಾನೆ. ಉಂಗುರ ನಾಶವಾಗುವುದು ಗೊಲ್ಲಮ್ ಬದುಕಿದ್ದರಿಂದ. ಗೊಲ್ಲಮ್ ಬದುಕಿದ್ದದ್ದು ಬಿಲ್ಬೋ, ಫ್ರೋಡೋ ಇಬ್ಬರೂ ಕೊಲ್ಲಬಹುದಾಗಿದ್ದಾಗ ಕೊಲ್ಲದೆ ಬಿಟ್ಟದ್ದರಿಂದ. ಅನುಕರಿಸಬೇಕಾದ್ದು ಆ ಬಿಟ್ಟ ಗಳಿಗೆಯನ್ನು. ಮೈ ಸವೆಸಿಕೊಂಡು ನರಳುವುದನ್ನಲ್ಲ. ಅಕ್ಟೋಬರ್ 6ರಂದು ಚುಚ್ಚಿದ ಗಾಯ ಮುಂದಿನ ವರ್ಷ ಅದೇ ದಿನ ಮತ್ತೆ ನೋಯುತ್ತದೆ, ಕಡೆಗೂ ಅವನು ಊರಲ್ಲಿ ನೆಲೆ ನಿಲ್ಲಲಾರದೆ ಹಡಗು ಹತ್ತುತ್ತಾನೆ. ನೋವನ್ನೇ ಹಿರಿಮೆ ಎಂದುಕೊಂಡ ಓದುಗರು ವಿಶ್ರಾಂತಿ ಬೇಕಾದಾಗಲೂ ಕೇಳುವುದಿಲ್ಲ.

ಇರುಳುದೀಪ:

ನೀಲಿಪಟ ಅವರೇ, ಒಪ್ಪಿದೆ. ಅದಕ್ಕೆ ಜೋಡಿಸಲು ಇಬ್ಬರಿದ್ದಾರೆ. ಲಾಯ್ಡ್ ಅಲೆಗ್ಸಾಂಡರ್ ಅವರ ‘ಟ್ಯಾರನ್ ವಾಂಡರರ್’ನಲ್ಲಿ (1967) ಹಂದಿ ಕಾಯುವ ಹುಡುಗ ಟ್ಯಾರನ್ ತಾನು ಯಾರ ಮಗ ಎಂದು ಹುಡುಕುತ್ತಾ ಕಮ್ಮಾರ, ನೇಕಾರಳು, ಕುಂಬಾರ ಮೂವರ ಬಳಿಯೂ ಕೆಲಸ ಕಲಿಯುತ್ತಾನೆ. ಮನಸ್ಸು ನೆಟ್ಟದ್ದು ಕುಂಬಾರಿಕೆಯಲ್ಲಿ, ಆದರೆ ಅದೇ ತನಗೆ ಪೂರ್ತಿ ಒಲಿಯುವುದಿಲ್ಲ ಎಂದು ತಿಳಿಯುತ್ತದೆ. ತಿಳಿದ ಮೇಲೂ ಆ ಕಸುಬನ್ನು ಕೀಳು ಮಾಡಿ ಮಾತಾಡುವುದಿಲ್ಲ.

ಇನ್ನೊಬ್ಬಳು ಫಿಲಿಪ್ ಪುಲ್‌ಮನ್ ಅವರ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಸರಣಿಯ ಲೈರಾ. 36 ಚಿತ್ರಗಳ ಸತ್ಯಮಾಪಕದ ಮೂರು ಮುಳ್ಳು ತಿರುಗಿಸಿ ಪ್ರಶ್ನೆ ಇಟ್ಟರೆ, ನಾಲ್ಕನೆಯ ಮುಳ್ಳು ಓಡಾಡಿ ಉತ್ತರ ಕೊಡುತ್ತದೆ. ದೊಡ್ಡವರು ಕಪಾಟುಗಟ್ಟಲೆ ಪುಸ್ತಕ ತಿರುವಿ ಓದುವುದನ್ನು ಅವಳು ಮಗುವಾಗಿ ಸಲೀಸಾಗಿ ಓದುತ್ತಾಳೆ. ಮೂರನೇ ಪುಸ್ತಕದ (2000) ಕೊನೆಗೆ ಆ ವರ ಒಂದೇ ಸಲಕ್ಕೆ ಹೋಗಿಬಿಡುತ್ತದೆ. ಇನ್ನು ಮುಂದೆ ಜೀವನಪೂರ್ತಿ ಓದಿ ಕಲಿತರೆ ಮಾತ್ರ ಮರಳೀತು ಎಂದು ತಿಳಿದಾಗ, ಕಲಿಯುವ ದಾರಿಯನ್ನೇ ಹಿಡಿಯುತ್ತಾಳೆ. ಸಲೀಸಾಗಿ ಬಂದದ್ದು ಕೈಬಿಟ್ಟಾಗ ಅದೇ ವಿದ್ಯೆಯನ್ನು ಮೊದಲ ಪಾಠದಿಂದ ಶುರುಮಾಡಲು ಒಪ್ಪುವ ಆ ಹುಡುಗಿಯ ಹಾಗೆ ಆಗುವುದು ಗೆಡ್‌ನಂತೆ ಆಗುವುದಕ್ಕಿಂತಲೂ ಕಷ್ಟ ಇರಬಹುದು.

ಬೆಟ್ಟದದಾರಿ:

ಗೆರೆಪುಸ್ತಕ ಅವರ ಕ್ರಿಯಾಪದದ ಉಪಾಯವನ್ನು ಸ್ಯಾಮ್‌ಗೆ ಹಚ್ಚಿ ನೋಡಿದೆ. ಕೊನೆಯ ಬೆಟ್ಟ ಹತ್ತುವ ಪುಟಗಳಲ್ಲಿ ಹೊಡೆದುಹಾಕಲು ಒಂದು ಪದವೂ ಸಿಗಲಿಲ್ಲ: ನೀರು ಕುಡಿಸಿದ, ಹೊದಿಸಿದ, ಕೈ ಹಿಡಿದ, ಬೆನ್ನ ಮೇಲೆ ಹೊತ್ತ, ಇಳಿಸಿದ, ಉಸಿರು ತೆಗೆದುಕೊಂಡ, ಮತ್ತೆ ಹೊತ್ತ.